ಉಡದ ಬಾಯಿಗೆ ಗಂಗಾಜಲ

ಗೆಳೆಯರೇ, ನನ್ನ ದೋಸ್ತ್ ಇಮ್ರಾನ್ ಕೊರೊನಾದಿಂದ ಕ್ವಾರಂಟೈನ್ ಆಗಿದ್ದಾನೆ, ಅವನು ಸಾಕಿದ ಉಡ ನೆದರ್ಲೆಂಡ್ಸ್‌ನ ಗ್ರೋನಿಂಗನ್ ಊರಿನ ನನ್ನ ರೂಮಿನಲ್ಲಿದೆ. ಇಂದು ಮಾಸ್ಕ್, ಮುಖಕ್ಕೆ ಪ್ಲಾಸ್ಟಿಕ್ ಹಾಳೆ, ಗ್ಲೌಸ್ ಹಾಕಿಕೊಂಡು ನೀರು ಬದಲಿಸಲು ಗಾಜಿನ ಪೆಟ್ಟಿಗೆಗೆ ಕೈ ಹಾಕಿದೆ. ಉಡ ಅಂಗಾತ ಬಿತ್ತು. ತನ್ನದೇ ಹಿಂಗಾಲನ್ನು ಬಾಯಲ್ಲಿ ಕಚ್ಚಿಕೊಂಡು ಕೊರಡಿನ ಹಾಗೆ ಸೆಟೆದುಕೊಂಡಿತು.

ಅಮ್ಮ ಕೊಟ್ಟ ಗಂಗಾಜಲವನ್ನು ಅದರ ಬಾಯಿಗೆ ಬಿಟ್ಟು, ಇಮ್ರಾನನಿಗೆ ವಿಡಿಯೋ ಕಾಲ್ ಮಾಡಿ ಅತ್ತೆ.

"ನಿನ್ನ ಉಡ ಹೋಗ್ಬಿಡ್ತು ಕಣೋ!"

"ಸತ್ತಿಲ್ಲ ಮಗಾ, ಹೆದರಿದ್ರೆ ಹಂಗೇ ನಾಟಕ ಆಡತ್ತೆ. ನಿನ್ನ ಅವತಾರ ನೋಡಿದ್ರೆ ನಂಗೇ ಭಯ ಆಗತ್ತೆ. ಮೊದ್ಲು ಮಾಸ್ಕ್ ತೆಗಿ!"

ತೆಗೆದೆ. ಉಡ ಕಣ್ಣು ಬಿಟ್ಟು, ಸೀಳು ನಾಲಗೆಯನ್ನು ಮೆಲ್ಲಗೆ ನನ್ನತ್ತ ಚಾಚಿತು. ನಾನು ಓಡಿ ಮಂಚ ಹತ್ತಿದೆ, ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ.

ಈಗ ಮಂಚದ ಕೆಳಗೆ ಉಗುರು ಕೆರೆಯುವ ಸದ್ದು. ಮೇಲೆ ನಾನು ಸತ್ತವನ ಹಾಗೆ ಮಲಗಿದ್ದೇನೆ. ಗಂಗಾಜಲವೂ ಮುಗಿದಿದೆ.