ಗೆರೆಯ ತನಕ ಎಣ್ಣೆ

ಮೂವತ್ತು ವರ್ಷಗಳಿಂದ ಕಲ್ಯಾಣಪುರದ ಮದುಮಗಳಂದಿರನ್ನು ಇಗರ್ಜಿಗೆ ಮುಟ್ಟಿಸುತ್ತಿರುವುದು ವೆರೊನಿಕಾಳ ಅಪ್ಪ ಬಿಟ್ಟುಹೋದ ಎಪ್ಪತ್ತೆರಡರ ಅಂಬಾಸಡರ್. ಓಡಿಸುವವಳೂ ವೆರೊನಿಕಾಳೇ. ವಯಸ್ಸು ಐವತ್ತೆಂಟು. ನೀನು ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, ಪ್ರತಿ ಮದುವೆಯ ದಿನವೂ ಡ್ಯೂಟಿ ಇತ್ತು ಎನ್ನುತ್ತಾಳೆ.

ಕಳೆದ ಜುಲೈಯಲ್ಲಿ ಆ ಕಾರು ಸಂತೆಕಟ್ಟೆಯ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಒಳಗಿದ್ದ ಮದುಮಗಳು ರಿಕ್ಷಾ ಹತ್ತಿ ಹೋದಳು. ಕಾಗದದ ಏರ್ ಫಿಲ್ಟರ್ ಮಳೆಗಾಲದ ತೇವಕ್ಕೆ ಹಸಿ ಹಪ್ಪಳದ ಹಾಗಾಗಿ ಇಂಜಿನ್ನಿಗೆ ಉಸಿರೇ ಸಿಕ್ಕಿರಲಿಲ್ಲ. ವೆರೊನಿಕಾಳ ತಮ್ಮ ಕಾರ್ಲ್ಟನ್ ಉಡುಪಿಯಲ್ಲಿ ನೋಟರಿ, ಆಡಿದ ಮಾತಿನಲ್ಲಿ ಅಕ್ಷರ ಆಚೀಚೆ ಮಾಡುವವನಲ್ಲ. ಕಾರಿನ ದಾಖಲೆ ಅವನ ಹೆಸರಿನಲ್ಲಿತ್ತು. ಜನವರಿಯಲ್ಲಿ ಅವನ ಮಗಳು ಶರೋನಳ ಮದುವೆ, ಆಕೆ ಅತ್ತೆಯ ಕಾರಿನಲ್ಲಲ್ಲದೆ ಇಗರ್ಜಿಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. ಆಗಲಿ, ಆದರೆ ಇನ್ನೊಮ್ಮೆ ಕಾರು ನಿಂತರೆ ಅದನ್ನು ಮಾರಿಯೇ ಬಿಡುವೆ ಎಂದ ಕಾರ್ಲ್ಟನ್.

ಹಾಗಾಗಿ ವೆರೊನಿಕಾ ಫಿಲ್ಟರ್ ಹುಡುಕತೊಡಗಿದಳು. ವರ ಹುಡುಕುವವರೂ ಅಷ್ಟು ಅಲೆಯಲಿಕ್ಕಿಲ್ಲ. ಮಣಿಪಾಲದ ಅಂಗಡಿಯವನು ಐಸ್‌ಕ್ರೀಮ್ ಕೋನಿನಂಥ ಕೆಂಪು ಫಿಲ್ಟರನ್ನು ತೋರಿಸಿ, ರೇಸಿನವರು ಇದನ್ನೇ ಹಾಕುತ್ತಾರೆ ಎಂದ. ತಾನು ಮದುಮಗಳನ್ನು ಒಯ್ಯುವವಳು, ಯಾರನ್ನೂ ಹಿಂದಿಕ್ಕಬೇಕಾಗಿಲ್ಲ ಎಂದಳು. ಕಾಪುವಿನಲ್ಲಿ ಇಂಥದೇ ಕಾರಿಟ್ಟ ಒಬ್ಬರು ಕಾಗದದ್ದೇ ಸಾಕು, ಮಳೆಗಾಲದಲ್ಲಿ ಕಾರು ತೆಗೆಯದಿದ್ದರಾಯಿತು ಎಂದರು. ಕೊನೆಗೆ ಸಂತೆಕಟ್ಟೆಯ ಮೆಕ್ಯಾನಿಕ್ ಬಸಯ್ಯ, ಹಳೆಯ ಕಾರಿಗೆ ಅದರೊಂದಿಗೆ ಹುಟ್ಟಿದ್ದೇ ಸರಿ ಎಂದ. ಅದು ತಳದಲ್ಲಿ, ಒಳಗೆ ಕೊರೆದ ಗೆರೆಯ ತನಕ, ಎಣ್ಣೆ ತುಂಬುವ ಕಬ್ಬಿಣದ ಬಟ್ಟಲು. ಒಳಗೆ ಬರುವ ಗಾಳಿ ಎಣ್ಣೆಯ ಮೇಲೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಮೂರು ತಿಂಗಳು ಸುತ್ತಿ, ಅಂಥದೊಂದನ್ನು ಅವಳು ಕಾರ್ಕಳದ ಗುಜರಿ ಅಂಗಡಿಯಲ್ಲಿ ಪತ್ತೆ ಮಾಡಿದಳು. ಮದುವೆಯ ವಾರ ಬಸಯ್ಯ ಅದನ್ನು ತೊಳೆದು ಖಾಲಿಯಾಗಿಯೇ ಕೂರಿಸಿಕೊಟ್ಟ. ಮದುವೆಯ ಮುಂಚಿನ ದಿನ ಫೋನಿನಲ್ಲಿ ನೆನಪಿಸಿದ: "ಗೆರಿ ಐತಲ್ರಿ, ಅಲ್ಲೀಮಟ ಎಣ್ಣಿ ಹಾಕ್ರಿ. ಅಷ್ಟ."

ಬಸಯ್ಯ ಬಾಗಲಕೋಟೆ ಕಡೆಯವನು. ಕಾರಿನ ವಿಷಯದಲ್ಲಿ ಎಣ್ಣೆ ಎಂದರೆ ಇಂಜಿನ್ ಆಯಿಲ್ ಎಂದು ಬಿಡಿಸಿ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ವೆರೊನಿಕಾಳ ಮನೆಯಲ್ಲಿ ಮಿಕ್ಕ ಎಣ್ಣೆಗಳಿಗೆಲ್ಲ ಹೆಸರುಂಟು. ಬರೀ ಎಣ್ಣೆ ಎಂದರೆ ತೆಂಗಿನ ಎಣ್ಣೆ. ಚಳಿಗೆ ಗಟ್ಟಿಯಾಗಿದ್ದ ಡಬ್ಬಿಯನ್ನು ಅವಳು ಬಿಸಿಲಿಗಿಟ್ಟು ಕರಗಿಸಿದಳು. ಮನೆಯ ಕಾಯಿಯದ್ದು, ಗಾಣದಲ್ಲಿ ಆಡಿಸಿದ್ದು. ಗೆರೆಗೇ ನಿಲ್ಲಿಸಲು ಕೈ ಬರಲಿಲ್ಲ. ಶರೋನಳ ಮದುವೆಯೆಂದು ಅಂಚಿನವರೆಗೂ ಹೊಯ್ದಳು.

ಫಾದರಿಗೆ ಅಂದು ಇನ್ನೊಂದು ಮದುವೆಯೂ ಇದ್ದುದರಿಂದ ಪೂಜೆ ಬೆಳಿಗ್ಗೆ ಎಂಟಕ್ಕೆ. ರಾತ್ರಿಯಿಡೀ ಅಂಗಳದಲ್ಲಿದ್ದ ಕಾರು ಕೆಮ್ಮುತ್ತ ಹೊರಟು, ಇಗರ್ಜಿಗೆ ಇನ್ನು ಅರ್ಧ ಮೈಲಿ ಇರುವಾಗ ಕರಿ ಹೊಗೆ ಬಿಟ್ಟು ನಿಂತಿತು. ವೆರೊನಿಕಾಳಿಗೆ ಅಳು ಬಂತು, ಆದರೆ ಹಿಂದೆ ಮದುಮಗಳು ಕೂತಿದ್ದಳು.

ಫೋನು ಮಾಡಿದ ಐದು ನಿಮಿಷಕ್ಕೆ ಬಸಯ್ಯ ಸ್ಕೂಟರಿನಲ್ಲಿ ಬಂದು ಫಿಲ್ಟರಿನ ಮುಚ್ಚಳ ತೆಗೆದ. ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಗಾಳಿಯ ದಾರಿಯನ್ನೆಲ್ಲ ಮುಚ್ಚಿ ಕೂತಿತ್ತು. ಅವನು ಬೆರಳಲ್ಲಿ ತೆಗೆದು ಮೂಸಿದ.

"ಇದೆಂಥಾ ಎಣ್ಣಿರಿ?"

"ಎಣ್ಣೆ."

"ಯಾ ಎಣ್ಣಿ?"

"ಎಣ್ಣೆ ಅಂದ್ರೆ ಎಣ್ಣೆ ಮಾರಾಯ. ಎಂತ ಕೇಳುವುದು ನೀನು?"

ಬಸಯ್ಯ ಫಿಲ್ಟರನ್ನೇ ಬಿಚ್ಚಿ ಸ್ಕೂಟರಿನಲ್ಲಿಟ್ಟುಕೊಂಡು, ಅರ್ಧ ಮೈಲಿಗೆ ಏನೂ ಆಗುವುದಿಲ್ಲ, ಹೋಗಿ ಎಂದ. ಮೂರು ತಿಂಗಳು ಫಿಲ್ಟರ್ ಹುಡುಕಿದವಳು ಫಿಲ್ಟರೇ ಇಲ್ಲದೆ, ಬುಸುಗುಡುವ ಇಂಜಿನ್ನಿನೊಂದಿಗೆ ಇಪ್ಪತ್ತು ನಿಮಿಷ ತಡವಾಗಿ ಇಗರ್ಜಿ ಸೇರಿದಳು.

ಕಾರ್ಲ್ಟನ್ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಕಾರು ನಿಂತಿತಾ ಎಂದು ಕೇಳಿದ. ಅತ್ತೆ ಬಾಯಿ ತೆರೆಯುವ ಮೊದಲೇ ಶರೋನ್, ಮುಸುಕು ಸರಿಮಾಡಿಕೊಳ್ಳಲು ತಾನೇ ನಿಲ್ಲಿಸಿದ್ದು ಎಂದಳು. ವೆರೊನಿಕಾ ಅಷ್ಟಕ್ಕೇ ಸುಮ್ಮನಿದ್ದರೆ ಕಾರು ಉಳಿದ ಹಾಗೆಯೇ. ಆದರೆ ಹುಡುಗಿ ಹಿಂದಿನ ಸಂಜೆಯಷ್ಟೇ ಪಾಪನಿವೇದನೆ ಮಾಡಿ ಬಂದಿದ್ದಳು. ತನಗಾಗಿ ಅವಳು ಒಂದು ಸುಳ್ಳನ್ನು ಹೊತ್ತು ಒಳಗೆ ನಡೆಯುವುದು ವೆರೊನಿಕಾಳಿಗೆ ಸಹಿಸಲಾಗಲಿಲ್ಲ.

"ಸುಳ್ಳು. ನಿಂತಿತು," ಎಂದಳು. "ಫಿಲ್ಟರಿಗೆ ನಾನು ತೆಂಗಿನ ಎಣ್ಣೆ ಹಾಕಿದ್ದೆ." ಕಾರಿನ ಕೀಯನ್ನು ಅವನ ಮುಂದೆ ಹಿಡಿದಳು.

ಕಾರ್ಲ್ಟನ್ ಕೀಯನ್ನು ನೋಡಿದ, ಅಕ್ಕನನ್ನು ನೋಡಿದ, ತಾನಾಡಿದ ಮಾತನ್ನು ಮನಸ್ಸಿನಲ್ಲೇ ಅಕ್ಷರಕ್ಷರ ಓದಿಕೊಂಡ.

"ಹಾಗಾದರೆ ಕಾರು ನಿಂತದ್ದಲ್ಲ," ಎಂದ. "ನೀನು ನಿಲ್ಲಿಸಿದ್ದು. ತಪ್ಪು ನಿನ್ನದು."

ಕೀಯನ್ನು ಮುಟ್ಟದೆ, ಮಗಳ ಕೈ ಹಿಡಿದು ಒಳಗೆ ನಡೆದ. ವೆರೊನಿಕಾಳಿಗೆ ‘ತಪ್ಪು ನಿನ್ನದು’ ಎಂದವರು ಊರಲ್ಲಿ ಯಾರೂ ಇರಲಿಲ್ಲ, ಇದ್ದರೂ ಸುಖವಾಗಿ ಉಳಿದಿರಲಿಲ್ಲ. ಅಂದು ಅವಳು ಆ ಮಾತು ಕೇಳಿ, ಉಳಿದುಕೊಂಡ ಕಾರಿನ ಕೀಯನ್ನು ಎದೆಗೊತ್ತಿಕೊಂಡು, ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು.