ಮಾತ್ರೆಗೆ ಗೊತ್ತಾಯ್ತದೆ

ತೊಂಬತ್ತರ ದಶಕದಲ್ಲಿ ನಾನಿದ್ದ ಚಾಮರಾಜನಗರದ ಮಾತ್ರೆ ಕಂಪನಿಯಲ್ಲಿ ಬೀರುವಿನಷ್ಟು ದೊಡ್ಡ ಚೇಂಬರ್ ಇತ್ತು. ಆರು ತಿಂಗಳು ಒಂದೇ ಬಿಸಿ, ಒಂದೇ ತೇವದಲ್ಲಿಟ್ಟರೆ ಮಾತ್ರೆ ಕೆಡುತ್ತದೆಯೇ ಎಂದು ಅದರಲ್ಲಿ ನೋಡುತ್ತಿದ್ದೆವು. ಅದನ್ನು ನೋಡಿಕೊಳ್ಳುತ್ತಿದ್ದವರು ತೆರಕಣಾಂಬಿಯ ಹಿರಿಯರೊಬ್ಬರು. ಯಾರು ಬಾಗಿಲಿಗೆ ಕೈ ಹಾಕಿದರೂ, "ತೆಗಿಬ್ಯಾಡಿ, ಮಾತ್ರೆಗೆ ಗೊತ್ತಾಯ್ತದೆ," ಎನ್ನುತ್ತಿದ್ದರು.

ಐದನೇ ತಿಂಗಳಲ್ಲಿ ನಾನು, ಒಳಗೆ ಬೆಚ್ಚಗಿದೆಯಲ್ಲ ಎಂದು, ಮಳೆಗೆ ನೆನೆದ ಸ್ವೆಟರನ್ನು ಕದ್ದುಮುಚ್ಚಿ ಅಲ್ಲಿ ಒಣಹಾಕಿದೆ. ಬಾಗಿಲ ಮೇಲಿನ ತೇವದ ಮೀಟರಿನ ಮುಳ್ಳು ಏರಿತು. ಅವರು ಬೈಯಲಿಲ್ಲ, ಪುಸ್ತಕದಲ್ಲಿ 'ಒದ್ದೆ ಸ್ವೆಟರ್' ಎಂದು ಬರೆದರು. ಐದು ತಿಂಗಳ ಕೆಲಸ ದಂಡವಾಗುತ್ತದೆಂದು ಮ್ಯಾನೇಜರು ಆ ಹಾಳೆ ಹರಿಯಲು ಹೇಳಿದರು.

"ಆಗಕಿಲ್ಲ ಸಾ. ಮೊದ್ಲಿಂದ ಸುರು ಮಾಡನ."

ಹೊಸದಾಗಿ ಆರು ತಿಂಗಳ ಲೆಕ್ಕ ಶುರುವಾದಾಗ ಹಿರಿಯರ ನಿವೃತ್ತಿಗೆ ಉಳಿದದ್ದು ಎರಡೇ ತಿಂಗಳು. ನಿವೃತ್ತರಾದ ಮರುದಿನವೂ ಬೆಳಗಿನ ಬಸ್ಸಿಗೇ ಬಂದು ಮುಳ್ಳು ನೋಡುತ್ತ ನಿಂತಿದ್ದರು. ಯಾಕೆ ಬಂದಿರಿ ಎಂದೆ.

"ನಂದು ಮುಗೀತು ಕಣಪ್ಪ. ಮಾತ್ರೇದು ಇನ್ನೂ ನಾಕು ತಿಂಗ್ಳದೆ."