ಮುಡಿ ಕೊಟ್ಟ ಮುಖ

ನಮ್ಮ ಶಾಲೆಗೆ ಬರುವ ಯಂತ್ರಗಳಿಗೆಲ್ಲ ಒಂದೇ ಹಣೆಬರಹ. ಬರುವ ದಿನ ಹೂವಿನ ಹಾರ, ತೆಂಗಿನಕಾಯಿ, ಗ್ರೂಪ್ ಫೋಟೊ. ಮಾರನೆಯ ದಿನದಿಂದ ಕುಸುಮಳ ಕುತ್ತಿಗೆಗೆ. ಹಲಗೂರಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿರುವ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ರಘುನಂದನ್ ಹೆಡ್ಮಾಸ್ಟರು, ಕನ್ನಡಕ್ಕೆ ನಾನು, ಗಣಿತ-ವಿಜ್ಞಾನಕ್ಕೆ ಕುಸುಮ. ನನಗೆ ನಿವೃತ್ತಿ ಹತ್ತಿರ; ಮೊಬೈಲು ಕಂಡರೆ ಮೈ ಉರಿಯುತ್ತದೆ ಎಂದು ಮೀಟಿಂಗಿನಲ್ಲೇ ಬಾಯಿಬಿಟ್ಟು ಹೇಳಿ ತಪ್ಪಿಸಿಕೊಂಡೆ. ಕುಸುಮ ಭಾರತೀನಗರದ ಹುಡುಗಿ, ಬಿಎಸ್ಸಿ ಓದಿದವಳು, ಎದುರು ಮಾತಾಡದವಳು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅನ್ನುವುದು ಸುಮ್ಮನೆ ಅಲ್ಲ.

ಬಂದ ಹೊಸದರಲ್ಲಿ ಅವಳ ಪಾಠ ನೋಡಬೇಕಿತ್ತು. ಕರ್ಣಕುಂಡಲದ ಗಿಡವನ್ನು ಬೇರುಸಹಿತ ಕಿತ್ತು ತಂದು ಕೆಂಪು ಶಾಯಿಯ ನೀರಿನಲ್ಲಿ ನಿಲ್ಲಿಸುತ್ತಿದ್ದಳು. ದಂಟಿನೊಳಗೆ ಕೆಂಪು ಏರುವುದನ್ನು ನೋಡಲು ಮಕ್ಕಳು ಊಟದ ಬೆಲ್ಲು ಹೊಡೆದರೂ ಏಳುತ್ತಿರಲಿಲ್ಲ. ನಾನೂ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆಮೇಲೆ ಗೋಡೆಯ ಮೇಲೆ ದೊಡ್ಡ ಟಿ.ವಿ. ಬಂತು. ಕರೆಂಟು ಇದ್ದಾಗ ನೆಟ್ಟಿಲ್ಲ, ನೆಟ್ಟಿದ್ದಾಗ ಕರೆಂಟಿಲ್ಲ, ಎರಡೂ ಇದ್ದ ದಿನ ಪಾಸ್‌ವರ್ಡ್ ಬದಲಾಯಿಸಿ ಅನ್ನುತ್ತದೆ. ಮಕ್ಕಳು ಪರದೆಯ ಮೇಲೆ ಸುತ್ತುವ ಚಕ್ರ ನೋಡಿಕೊಂಡು ಕೂರುತ್ತಿದ್ದವು.

"ಮಿಸ್, ಇನ್ನೂ ಸುತ್ತುತಾನೆ ಅದೆ," ಅನ್ನುತ್ತಿತ್ತು ಯಾವುದೋ ಒಂದು.

"ಸುತ್ತಲಿ ಬಿಡಪ್ಪ," ಅನ್ನುತ್ತಿದ್ದಳು ಕುಸುಮ.

ಸಂಜೆ ಅವಳ ಸ್ಕೂಟರಿನ ಹಿಂದೆ ಕೂತು ನಾನು ಮಳವಳ್ಳಿಗೆ ಬರುವುದು. ಮೊದಲೆಲ್ಲ ದಾರಿಯುದ್ದಕ್ಕೂ ಮಾತಾಡುತ್ತಿದ್ದವಳು ಈಚೆಗೆ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮಾತ್ರ, "ಅಕ್ಕ, ನಾನು ಪಾಠ ಮಾಡ್ತಾನೇ ಇಲ್ಲ. ಬರೀ ಚಾರ್ಜಿಗೆ ಹಾಕ್ತೀನಿ, ತೆಗೀತೀನಿ," ಅಂದಳು.

ಇದೆಲ್ಲದರ ಮೇಲೆ ಹಾಜರಿಯ ಆ್ಯಪು ಬಂತು. ಬೆಳಿಗ್ಗೆ ಪ್ರತಿ ಮಗುವಿನ ಮುಖದ ಮುಂದೆ ಮೊಬೈಲು ಹಿಡಿಯಬೇಕು. ಜೂನ್‌ನಲ್ಲಿ ತೆಗೆದ ಫೋಟೊಕ್ಕೆ ಮುಖ ಹೊಂದಿದರೆ ಟಿಂಗ್ ಅನ್ನುತ್ತದೆ, ಹಾಜರಿ. ಹೊಂದದಿದ್ದರೆ ಗೈರು. ಅದು ಏನು ಹೇಳಿತೋ ಆ ಸುದ್ದಿ ಮಗುವಿನ ಮನೆಯ ಮೊಬೈಲಿಗೂ ಹೋಗುತ್ತದೆ.

ಆರನೆಯ ಕ್ಲಾಸಿನ ಪ್ರಿಯಾಂಕಳಿಗೆ ಮಳೆಗಾಲದಲ್ಲಿ ಡೆಂಗಿ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದಳು. ಅವಳವ್ವ ಸಣ್ಣತಾಯಮ್ಮ ಆಸ್ಪತ್ರೆಯ ಹಜಾರದಲ್ಲೇ ಮಾದಪ್ಪನಿಗೆ ಕೈಮುಗಿದು, ಮಗಳು ಎದ್ದು ಕೂತರೆ ಅವಳ ಮುಡಿ ಕೊಡಿಸುತ್ತೇನೆ ಎಂದು ಹರಕೆ ಹೊತ್ತಳು. ಮಗಳು ಎದ್ದಳು. ಹೊತ್ತ ಹರಕೆ ತೀರಿಸುವವರೆಗೆ ನಮ್ಮ ಕಡೆ ಯಾರಿಗೂ ತುತ್ತು ಇಳಿಯುವುದಿಲ್ಲ. ಮಗು ನಡೆಯುವ ಹಾಗಾದ ಕೂಡಲೇ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ತಲೆ ಬೋಳಿಸಿ ಗಂಧ ಹಚ್ಚಿಸಿಕೊಂಡು ಬಂದರು. ಸಣ್ಣ ಮಕ್ಕಳಿಗಾದರೆ ಅದೇನೂ ಅಲ್ಲ. ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಕನ್ನಡಿ ಮುಂದೆ ನಿಲ್ಲುವ ವಯಸ್ಸಿನ ಹುಡುಗಿಗೆ? "ಕೂದ್ಲು ಬರಗಂಟ ಇಸ್ಕೂಲ್ಗೆ ಓಗಾಕಿಲ್ಲ," ಎಂದು ಕೂತುಬಿಟ್ಟಳು.

ಕುಸುಮಳಿಗೆ ಗಾಬರಿಯಾಯಿತು. ಪ್ರಿಯಾಂಕಳ ಅಕ್ಕನೂ ಹೀಗೆಯೇ ಜ್ವರ ಎಂದು ಮನೆಯಲ್ಲಿ ಉಳಿದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಾಳೆ. ಇವಳೋ, ಹೇಳಿದ್ದಕ್ಕೆಲ್ಲ "ಯಾಕೆ ಮಿಸ್?" ಅನ್ನುವ ಮಗು. ಕುಸುಮ ಮನೆಗೆ ಹೋಗಿ ಅವಳ ಪಕ್ಕ ಕೂತು, "ತಲೆಗೆ ವೇಲು ಕಟ್ಕೊಂಡು ಬಾ ಪುಟ್ಟ. ಯಾರೂ ಬಿಚ್ಚು ಅನ್ನಲ್ಲ. ಇದು ನನ್ನ ಮಾತು," ಅಂದಳು.

ಪ್ರಿಯಾಂಕ ಬಂದಳು. ಮೊಬೈಲು ಅವಳನ್ನು ಗುರುತಿಸಲಿಲ್ಲ.

ಜ್ವರಕ್ಕೆ ಕೆನ್ನೆ ಇಳಿದಿದ್ದವು, ಜಡೆ ಇರಲಿಲ್ಲ, ಹಣೆಯವರೆಗೆ ವೇಲು. ಕುಸುಮ ಕಿಟಕಿಯ ಹತ್ತಿರ ನಿಲ್ಲಿಸಿದಳು, ಬಿಸಿಲಿಗೆ ನಿಲ್ಲಿಸಿದಳು. ಮುಖ ಹೊಂದುತ್ತಿಲ್ಲ, ಅಷ್ಟೇ. ಕುಸುಮ ಪುಸ್ತಕದ ಹಾಜರಿಯಲ್ಲಿ ಬರೆದುಕೊಂಡಳು. ಮೊಬೈಲು ಮಾತ್ರ ಸಣ್ಣತಾಯಮ್ಮನಿಗೆ, ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ ಎಂದು ಸುದ್ದಿ ಮುಟ್ಟಿಸಿತು. ಅಕ್ಕ ಅದನ್ನು ಅವ್ವನಿಗೆ ಓದಿ ಹೇಳಿದ್ದಳು; ಸಂಜೆ ಮನೆಗೆ ಹೋದ ಮಗುವಿಗೆ, "ಎಲ್ಲಿ ಅಲೀತಿದ್ದೆ ಯೋಳು," ಎಂದು ಬೆನ್ನಿನ ಮೇಲೆ ಬಿತ್ತು. ಕುಸುಮ ಓಡಿಹೋಗಿ ತಿಳಿಸಿ ಹೇಳಿದಳು. ಹೊಸ ಫೋಟೊ ತೆಗೆದು ಹಾಕಿದಳು. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ. ಒಪ್ಪಿಗೆ ಬರಲೇ ಇಲ್ಲ.

ಒಂದು ಬೆಳಿಗ್ಗೆ ಇಲಾಖೆಯ ಕಚೇರಿಯಿಂದ ಫೋನು. ಹಾಜರಿಯ ಪಟ್ಟಿಯಲ್ಲಿ ನಿಮ್ಮ ಶಾಲೆ ದಿನಾ ಕೆಂಪು ತೋರಿಸುತ್ತಿದೆ, ಒಂದು ಮುಖ ತೆಗೆಯಲು ಬರುವುದಿಲ್ಲವೇ ಎಂದು ಯಾರೋ ಕುಸುಮಳನ್ನು ಬೈದರು. ಅವಳು ಕ್ಲಾಸಿಗೆ ಬಂದಳು. ಮೊಬೈಲು ಎರಡು ಸಲ ನಿಂತುಹೋಯಿತು. ಮೂರನೆಯ ಸಲ ಪ್ರಿಯಾಂಕಳ ಮುಂದೆ ಹಿಡಿದು, ಯಾವತ್ತೂ ದನಿ ಎತ್ತದವಳು, "ಬಿಚ್ಚೇ ಅದನ್ನ!" ಎಂದು ಕೂಗಿದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತು. ನಾನು ಬರುವಷ್ಟರಲ್ಲಿ ಮಗು ವೇಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೊಬೈಲು ಆಗಲೂ ಮುಖ ಹೊಂದುತ್ತಿಲ್ಲ ಅಂದಿತು.

ಊಟದ ಹೊತ್ತಿಗೆ ಪ್ರಿಯಾಂಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗಿದ್ದಳು. ಮಾರನೆಯ ದಿನ ಬರಲಿಲ್ಲ. ಕುಸುಮ ಗೇಟನ್ನೇ ನೋಡುತ್ತಾ ನಿಂತಿದ್ದಳು. ರಘುನಂದನ್ ಕೆಟ್ಟವರೇನಲ್ಲ, ಅವರಿಗೂ ಮೇಲಿನವರ ಕಾಟ. ಗೋಡೆಗೆ ಅಂಟಿಸಿದ್ದ ಶಾಲೆಯ ವಾರ್ಷಿಕೋತ್ಸವದ ಫೋಟೊದಲ್ಲಿ ಎರಡು ಜಡೆಯ ಪ್ರಿಯಾಂಕ ಡ್ಯಾನ್ಸು ಮಾಡುತ್ತಿದ್ದಳು, ಅದರ ಮುಂದೆ ಮೊಬೈಲು ಹಿಡಿದರು. ಟಿಂಗ್.

"ನೋಡಿ ಕುಸುಮ ಮೇಡಂ, ಎಷ್ಟು ಸುಲಭ."

ನನಗೆ ನೆತ್ತಿಗೇರಿತು. "ಅಲ್ಲಾ ಸಾರ್, ಮಗು ಬಂದ್ರೆ ಇಲ್ಲ ಅನ್ನುತ್ತೆ, ಇಲ್ದಿದ್ರೆ ಇದೆ ಅನ್ನುತ್ತೆ. ತಗೊಂಡೋಗಿ ಇದನ್ನ ಬಾವಿಗೆ ಹಾಕಿ!"

"ಆಮೇಲೆ ನನ್ನನ್ನ ಎಲ್ಲಿಗೆ ಹಾಕ್ತಾರೆ ಗೊತ್ತಾ ಮೇಡಂ?" ಅಂದರು ಅವರು. ಅವರ ಮುಖ ನೋಡಿ ನನಗೆ ಮುಂದೆ ಬೈಯಲು ಮನಸ್ಸಾಗಲಿಲ್ಲ.

ಸಂಜೆ ಕುಸುಮ, ನಾನು ಇಬ್ಬರೂ ಪ್ರಿಯಾಂಕಳ ಮನೆಗೆ ಹೋದೆವು. ಅವಳು ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಸಣ್ಣತಾಯಮ್ಮ ಮೊಬೈಲು ಹಿಡಿದೇ ಬಂದಳು. "ಇದೇನ್ ಟೀಚರಮ್ಮ, ಇವತ್ತು ಇವ್ಳು ಇಸ್ಕೂಲ್ಗೆ ಬಂದವಳೆ ಅಂತ ಬಂದದೆ! ಬೆಳಗಿಂದ ನನ್ ಕಣ್ಮುಂದೇನೆ ಕುಂತವಳೆ. ಅವ್ಳೇ ಓದಿ ಏಳುದ್ಲು, ನಂಗೆಲ್ಲಿ ಗೊತ್ತಾಯ್ತದೆ."

ಕುಸುಮ ಮಗುವಿನ ಪಕ್ಕ ಕೂತು, "ತಪ್ಪಾಯ್ತು ಪುಟ್ಟ. ನಾಳೆ ಬಾ," ಅಂದಳು.

"ನಾನ್ ಬಂದ್ರೆ ಬಂದಿಲ್ಲ ಅಂತದೆ. ಮನೇಲಿದ್ರೆ ಬಂದವಳೆ ಅಂತದೆ. ನಾನ್ಯಾಕ್ ಬರ್ಬೇಕು ಮಿಸ್?"

"ಅದಕ್ಕಲ್ಲ ಕಣೇ. ನಂಗೆ ನೀನು ಬೇಕು."

ಮಗು ಅವಳನ್ನೇ ನೋಡಿತು. ಸಿಟ್ಟೇನೂ ಇರಲಿಲ್ಲ. ತಿಳಿಯದ್ದನ್ನು ಕೇಳುವ ಹಾಗೆಯೇ ಕೇಳಿತು. "ಅಂಗಾರೆ ನೆನ್ನೆ ಯಾಕ್ ಬಿಚ್ಚು ಅಂದ್ರಿ ಮಿಸ್?"

ಕುಸುಮ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಪ್ರಿಯಾಂಕ ಮೊರ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಶಾಲೆಗೆ ಬರಲಿಲ್ಲ.